ಬಿಆರ್‌ಟಿ ಬಸ್ಸಿನಲ್ಲಿ ಯಾವ ಸೇವೆ ಬೇಕು? ನೋಟ್‌ಬುಕ್ ಹಿಡಿದು ನೀವೇ ಲೆಕ್ಕ ಹಾಕಿ

ನಮ್ಮ ಸೊಸೈಟಿಯಲ್ಲಿ ಒಂದು ಭಾನುವಾರ ಬಸ್ಸಿನ ಬಗ್ಗೆ ಮೀಟಿಂಗ್ ನಡೆಯಿತು. ನಿಗಡಿಯಿಂದ ಪುಣೆ ಕಡೆ ಹೋಗುವ ಬಿಆರ್‌ಟಿ ರಸ್ತೆಯಲ್ಲಿ, ಅಂದರೆ ಬಸ್ಸಿಗೇ ಬೇರೆ ಲೇನ್ ಇರುವ ರಸ್ತೆಯಲ್ಲಿ, ನಮಗೆ ಎಂಥ ಸೇವೆ ಬೇಕು ಎಂದು ಒಂದು ಪತ್ರ ಬರೆಯಬೇಕಿತ್ತು. ಐಟಿ ಹುಡುಗರು ಎಕ್ಸ್‌ಪ್ರೆಸ್ ಬೇಕು ಎಂದರು. ಹಿರಿಯರು ಮನೆ ಹತ್ತಿರದಿಂದಲೇ ಪುಣೆಯ ಶಿವಾಜಿನಗರಕ್ಕೆ ನೇರ ಬಸ್ ಬೇಕು ಎಂದರು. ಇನ್ನೊಬ್ಬರು ಒಳಗಿನ ಬಡಾವಣೆಯಿಂದ ಮುಖ್ಯ ರಸ್ತೆಯ ಸ್ಟಾಪಿಗೆ ಬಿಡುವ ಫೀಡರ್ ಬಸ್ ಕೊಟ್ಟರೆ ಸಾಕು ಎಂದರು. ಮೂಲೆಯಲ್ಲಿ ಕೂತಿದ್ದ ಒಬ್ಬರು, "ಈಗಿರೋ ಬಸ್ಸೇ ಸರಿಯಾಗಿ ಬಂದ್ರೆ ಸಾಕಪ್ಪಾ" ಎಂದು ಎದ್ದು ಹೋದರು. ಅವರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಆಮೇಲೆ ಮೂರು ವಾರ ನಾನು ಲೆಕ್ಕ ಹಾಕಿದೆ. ಅವರು ಹೇಳಿದ್ದೇ ಸರಿಯಾಗಿತ್ತು ಎಂದು ಆಗ ಗೊತ್ತಾಯಿತು.

ನಾನು ಧಾರವಾಡದ ಕಡೆಯವಳು. ಪುಣೆ ಪಕ್ಕದ ಪಿಂಪ್ರಿ ಚಿಂಚವಡಕ್ಕೆ ಬಂದು ವರ್ಷಗಳಾದವು. ಸಾರಿಗೆ ಇಂಜಿನಿಯರ್ ಅಲ್ಲ, ದಿನಾ ಬಸ್ ಹತ್ತುವವಳು ಅಷ್ಟೆ. ಆದರೆ ಈ ಲೆಕ್ಕಕ್ಕೆ ಇಂಜಿನಿಯರಿಂಗ್ ಬೇಡ. ಒಂದು ನೋಟ್‌ಬುಕ್, ಮೊಬೈಲಿನ ಗಡಿಯಾರ, ಕೂಡಿಸಿ ಭಾಗಿಸುವಷ್ಟು ಗಣಿತ ಇದ್ದರೆ ಆಯಿತು. ನಿಮ್ಮ ರಸ್ತೆ ಯಾವುದೇ ಇರಲಿ, ಕ್ರಮ ಇದೇ.

ಮೊದಲು ರಸ್ತೆ ನೋಡಿ, ಆಮೇಲೆ ಬಸ್

ಪುಣೆಗೆ ಬಿಆರ್‌ಟಿ ಹೊಸದಲ್ಲ. 2006ರ ಡಿಸೆಂಬರ್‌ನಲ್ಲೇ ಕಾತ್ರಜ್, ಸ್ವಾರ್ಗೇಟ್, ಹಡಪಸರ್ ರಸ್ತೆಯಲ್ಲಿ ಪ್ರಯೋಗ ಶುರುವಾಗಿತ್ತು. ದೇಶದಲ್ಲಿ ಮೊದಲು ಇದನ್ನು ಮಾಡಿ ನೋಡಿದ ಊರು ಇದು. ಮರು ವರ್ಷ, 2007ರಲ್ಲಿ, ಪುಣೆಯ ಪಿಎಂಟಿ ಮತ್ತು ಪಿಂಪ್ರಿ ಚಿಂಚವಡದ ಪಿಸಿಎಂಟಿ ಎಂಬ ಬಸ್ ಸಂಸ್ಥೆಗಳು ಸೇರಿ ಎರಡೂ ಊರಿಗೆ ಬಸ್ ಓಡಿಸುವ ಪಿಎಂಪಿಎಂಎಲ್ ಆಯಿತು. 2015ರಲ್ಲಿ 'ರೇನ್‌ಬೋ' ಎಂಬ ಹೆಸರಿನಲ್ಲಿ ಹೊಸ ರೀತಿಯ ರಸ್ತೆಗಳು ಬಂದವು. ಸಂಗಮವಾಡಿ–ವಿಶ್ರಾಂತವಾಡಿ ಮೊದಲು, ಅದರ ಬೆನ್ನಿಗೇ ಔಂಧ್–ರಾವೇತ್. ನಮ್ಮ ದಾಪೋಡಿ–ನಿಗಡಿ ರಸ್ತೆಗೆ 2018ರ ತನಕ ಕಾಯಬೇಕಾಯಿತು.

ರಸ್ತೆ ನೋಡುವಾಗ ನಾಲ್ಕು ವಿಷಯ ಬರೆದುಕೊಳ್ಳಿ.

ಮೊದಲನೆಯದು, ಇದು ತೆರೆದ ವ್ಯವಸ್ಥೆಯೋ ಮುಚ್ಚಿದ್ದೋ. ಹುಬ್ಬಳ್ಳಿ–ಧಾರವಾಡದ ಚಿಗರಿ ಗೊತ್ತಲ್ವಾ? 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾಯಿತು, 2020ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಆ ಲೇನಿನಲ್ಲಿ ಚಿಗರಿ ಬಸ್ಸಿಗೇ ಜಾಗ. ಅದು ಮುಚ್ಚಿದ ವ್ಯವಸ್ಥೆ. ಅಹಮದಾಬಾದಿನ ಜನಮಾರ್ಗವೂ ಹಾಗೇ ಶುರುವಾದದ್ದು. ಪುಣೆಯದು ತೆರೆದದ್ದು. ಬೇರೆ ಬೇರೆ ಬಡಾವಣೆಗಳಿಂದ ಬಸ್ ಬಂದು ಲೇನಿಗೆ ಸೇರುತ್ತದೆ, ಸ್ವಲ್ಪ ದೂರ ಓಡಿ ಹೊರಗೆ ಹೋಗುತ್ತದೆ. ಇಲ್ಲಿ ನೇರ ಬಸ್ ಕೇಳುವುದಕ್ಕೆ ಅರ್ಥ ಇದೆ. ಮುಚ್ಚಿದ ವ್ಯವಸ್ಥೆಯಲ್ಲಿ ಕೇಳಿದರೆ ಸುಮ್ನೆ ಮಾತು.

ಎರಡನೆಯದು, ಬಾಗಿಲು. ರೇನ್‌ಬೋ ಸ್ಟೇಶನ್‌ಗಳು ರಸ್ತೆಯ ನಡುವೆ ಇವೆ. ಹಾಗಾಗಿ ಬಸ್ಸಿಗೆ ಬಲಗಡೆ ಬಾಗಿಲು ಬೇಕು. ಲೇನ್ ಮುಗಿದ ಮೇಲೆ ಸ್ಟಾಪ್ ಫುಟ್‌ಪಾತ್ ಕಡೆ ಬರುತ್ತದೆ, ಆಗ ಎಡ ಬಾಗಿಲು. ಹೊಸಬರು ದಾಪೋಡಿ ದಾಟಿದ ಮೇಲೂ ಬಲ ಬಾಗಿಲ ಮುಂದೆಯೇ ನಿಂತಿರುತ್ತಾರೆ. ಬಸ್ ನಿಂತಾಗ ಎಡಕ್ಕೆ ತಿರುಗಿ, ಬ್ಯಾಗು ಎಳೆದುಕೊಂಡು, "ಥಾಂಬಾ, ಥಾಂಬಾ" (ನಿಲ್ಲಿಸಿ, ನಿಲ್ಲಿಸಿ) ಎಂದು ಕೂಗುತ್ತಾ ಜನರ ನಡುವೆ ನುಗ್ಗುವುದು ನೋಡಬೇಕು. ನಗು ಬರುತ್ತದೆ. ಆದರೆ ಅಲ್ಲಿ ಹೋಗುವ 15 ಸೆಕೆಂಡು ಬಸ್ಸಿನಲ್ಲಿರುವ ಎಲ್ಲರದ್ದು. ಈ ಸೆಕೆಂಡುಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೂರನೆಯದು, ಸ್ಟೇಶನ್ ಹತ್ತಿರ ಹಿಂದಿನ ಬಸ್ ಮುಂದಿನದನ್ನು ದಾಟಿ ಹೋಗಲು ಇನ್ನೊಂದು ಲೇನ್ ಇದೆಯಾ? ಹುಬ್ಬಳ್ಳಿ–ಧಾರವಾಡದಲ್ಲಿ ಇದೆ. ನಿಂತ ಚಿಗರಿಯನ್ನು ಎಕ್ಸ್‌ಪ್ರೆಸ್ ಚಿಗರಿ ಪಕ್ಕದಿಂದ ದಾಟಿಕೊಂಡು ಹೋಗುತ್ತದೆ. ಬೊಗೋಟಾ ನಗರದ ಟ್ರಾನ್ಸ್‌ಮಿಲೇನಿಯೊ 2000ದ ಡಿಸೆಂಬರ್‌ನಲ್ಲಿ ಶುರುವಾಗಿ ಜಗತ್ತಿಗೇ ಮಾದರಿ ಆದದ್ದರಲ್ಲಿ ಈ ದಾಟುವ ಲೇನಿನ ಪಾಲು ದೊಡ್ಡದು. ನಿಮ್ಮ ಸ್ಟೇಶನ್‌ನಲ್ಲಿ ಒಂದೇ ಲೇನ್ ಇದ್ದರೆ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ಅಡಿಗೆರೆ ಹಾಕಿ.

ನಾಲ್ಕನೆಯದು, ಲೇನ್ ಎಲ್ಲಿ ಮುಗಿಯುತ್ತದೆ. ನಮ್ಮ ರಸ್ತೆಯಲ್ಲಿ ದಾಪೋಡಿ ಆದ ಮೇಲೆ ಮುಳಾ ನದಿಯ ಹ್ಯಾರಿಸ್ ಸೇತುವೆ ಬರುತ್ತದೆ. ಅಲ್ಲಿಗೆ ಪಿಂಪ್ರಿ ಚಿಂಚವಡ ಪಾಲಿಕೆಯ ಗಡಿ ಮುಗಿಯುತ್ತದೆ, ಆಚೆ ಬೋಪೋಡಿ, ಖಡಕಿ. ಅಲ್ಲಿಂದ ಬಸ್ಸು ಕಾರು, ರಿಕ್ಷಾ, ಟೂವೀಲರ್ ಜೊತೆಗೇ ಹೋಗಬೇಕು. ನಿಮ್ಮ ಪ್ರಯಾಣ ಮನಪಾ (ಪುಣೆ ಮಹಾನಗರ ಪಾಲಿಕೆ) ಬಸ್ ಸ್ಟ್ಯಾಂಡಿನವರೆಗೆ ಇದ್ದರೆ ಅಲ್ಲಿಯವರೆಗೂ ಲೆಕ್ಕ ಹಾಕಿ. ಲೇನಿನಲ್ಲಿ ಉಳಿಸಿದ ಹತ್ತು ನಿಮಿಷ ಖಡಕಿಯಲ್ಲಿ ಹೋದರೆ ಏನು ಪ್ರಯೋಜನ?

ಯಾರ ಪ್ರಯಾಣ ಎಂದು ತೀರ್ಮಾನಿಸಿ

ಇಲ್ಲಿ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೆ. ನಮ್ಮ ಆಫೀಸಿನ ಪ್ರಯಾಣವನ್ನೇ ಇಟ್ಟುಕೊಂಡು ಎಲ್ಲ ಸೇವೆ ತೂಗುತ್ತೇವೆ. ಕನಿಷ್ಠ ಮೂರು ಜನರನ್ನು ತೆಗೆದುಕೊಳ್ಳಿ. ಈ ತುದಿಯಿಂದ ಆ ತುದಿಗೆ ಬೆಳಿಗ್ಗೆ ಹೋಗುವವರು ಒಬ್ಬರು. ಚಿಕ್ಕ ಸ್ಟಾಪಿನಲ್ಲಿ ಹತ್ತಿ ಐದಾರು ಸ್ಟಾಪ್ ಆದ ಮೇಲೆ ಇಳಿಯುವವರು ಇನ್ನೊಬ್ಬರು. ಮೂರನೆಯವರು ಮಧ್ಯಾಹ್ನ ಅಥವಾ ರಾತ್ರಿ ಒಂಬತ್ತರ ಮೇಲೆ ಓಡಾಡುವವರಿರಲಿ. ಮನೆಕೆಲಸದವರು, ಆಸ್ಪತ್ರೆಗೆ ಹೋಗುವವರು, ಸೆಕೆಂಡ್ ಶಿಫ್ಟ್ ಮುಗಿಸಿ ಬರುವವರು ಇದರಲ್ಲಿ ಬರುತ್ತಾರೆ. ಮೀಟಿಂಗಿಗೆ ಬರುವವರಲ್ಲಿ ಮೊದಲನೆಯವರೇ ಜಾಸ್ತಿ. ಬಸ್ಸಿನಲ್ಲಿ ಎರಡನೆಯವರು ಜಾಸ್ತಿ.

ಒಂದು ತಾಸು ನಿಂತು ಎಣಿಸಿ

ಈಗ ನಿಜವಾದ ಕೆಲಸ. ಬೆಳಿಗ್ಗೆ ಗದ್ದಲದ ಹೊತ್ತಿನಲ್ಲಿ ಒಂದು ಸ್ಟಾಪಿನಲ್ಲಿ ಸರಿಯಾಗಿ 60 ನಿಮಿಷ ನಿಲ್ಲಿ. ನಿಮ್ಮ ದಿಕ್ಕಿಗೆ ಹೋಗುವ ಪ್ರತಿ ಬಸ್ಸಿನ ಹೊತ್ತು ಬರೆಯಿರಿ. ಪಕ್ಕದಲ್ಲಿ ಒಂದು ಗುರುತು ಹಾಕಿ. ಸೀಟು ಖಾಲಿ ಇದ್ದರೆ ಸೊನ್ನೆ, ನಿಂತವರಿದ್ದರೆ ಒಂದು ಗೀಟು, ಬಾಗಿಲ ತನಕ ತುಂಬಿದ್ದರೆ ಎರಡು ಗೀಟು.

ನಾನು ಎಂಟೂ ಹತ್ತಕ್ಕೆ ನಿಂತೆ. ಸ್ಟಾಪಿನ ಹೊರಗೆ ಶೇವಂತಿಗೆ, ಗೊಂಡೆ ಹೂ ಮಾರುವ ಒಬ್ಬ ಅಜ್ಜಿ ಕೂರುತ್ತಾರೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, "ಯಾ ಊರಾಕಿ ನೀ?" ಎಂದರು. ಅವರು ಇಂಡಿ ಕಡೆಯವರು. ಏನು ಬರೆಯುತ್ತಿದ್ದೀ ಎಂದು ಕೇಳಿದರು. ಬಸ್ ಎಣಿಸ್ತಾ ಇದ್ದೀನಿ ಎಂದೆ. "ಅದರಾಗೇನು ಎಣಸೂದದ? ಬಂದರ ಮೂರು ಕೂಡೇ ಬರ್ತಾವ. ಇಲ್ಲಂದ್ರ ನನ್ನ ಒಂದು ಮಾಲಿ ಕಟ್ಟಿ ಮುಗೀತದ, ಆದ್ರೂ ಇಲ್ಲ."

ಒಂದು ತಾಸಿನಲ್ಲಿ 12 ಬಸ್ ಬಂದವು. ಐದು ನಿಮಿಷಕ್ಕೊಂದು ಎಂದು ಕಾಗದದಲ್ಲಿ ಬರೆದುಬಿಡಬಹುದು. ಆದರೆ ನೋಟ್‌ಬುಕ್ಕಿನಲ್ಲಿ ಬಸ್ಸುಗಳ ನಡುವಿನ ಅಂತರ ಹೀಗಿತ್ತು: 1, 1, 11, 2, 9, 1, 14, 3, 1, 12, 2, 3.

ಅಜ್ಜಿಯ ಮಾತು ಅಂಕಿಯಲ್ಲಿ ಹೇಳಬೇಕಾದರೆ ಒಂದು ಚಿಕ್ಕ ಉಪಾಯ ಇದೆ. ಪ್ರತಿ ಅಂತರವನ್ನು ಅದರಿಂದಲೇ ಗುಣಿಸಿ. ಎಲ್ಲವನ್ನೂ ಕೂಡಿಸಿ. ಅಂತರಗಳ ಮೊತ್ತದ ಎರಡು ಪಟ್ಟಿನಿಂದ ಭಾಗಿಸಿ. ಇಲ್ಲಿ ಗುಣಿಸಿ ಕೂಡಿಸಿದರೆ 572 ಬರುತ್ತದೆ. ಅಂತರಗಳ ಮೊತ್ತ 60, ಅದರ ಎರಡು ಪಟ್ಟು 120. ಭಾಗಿಸಿದರೆ ಸುಮಾರು 4.8 ನಿಮಿಷ. ಇದು ಯಾವಾಗಲೋ ಬಂದು ನಿಂತ ಪ್ರಯಾಣಿಕರು ಸರಾಸರಿ ಕಾಯುವ ಹೊತ್ತು. ಅದೇ 12 ಬಸ್ ಸರಿಯಾಗಿ ಐದೈದು ನಿಮಿಷಕ್ಕೆ ಬಂದಿದ್ದರೆ ಕಾಯುವುದು ಎರಡೂವರೆ ನಿಮಿಷ. ಬಸ್ ಅಷ್ಟೇ, ಇಂಧನ ಅಷ್ಟೇ, ಕಾಯುವುದು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಯಾಕೆ ಹೀಗೆ? ಉದ್ದ ಅಂತರದಲ್ಲಿ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. 14 ನಿಮಿಷದ ಅಂತರದಲ್ಲಿ ಬಂದವರು ನೂರು ಜನ ಇದ್ದರೆ, ಒಂದು ನಿಮಿಷದ ಅಂತರದಲ್ಲಿ ಬಂದವರು ಏಳೇ ಜನ. ಆ ನೂರು ಜನ ಒಂದೇ ಬಸ್ಸಿಗೆ ಹತ್ತುತ್ತಾರೆ. ಹತ್ತಲು ಹೊತ್ತು ಹಿಡಿಯುತ್ತದೆ, ಆ ಬಸ್ ಇನ್ನೂ ತಡ ಆಗುತ್ತದೆ. ಹಿಂದಿನದು ಖಾಲಿ ಇರುವುದರಿಂದ ಬೇಗ ಬಂದು ಅದರ ಬಾಲ ಹಿಡಿಯುತ್ತದೆ. ಡ್ರೈವರನ್ನು ಬೈದು ಉಪಯೋಗ ಇಲ್ಲ. ಸಿಗ್ನಲ್ಲಿನಲ್ಲಿ ಒಂದು ಸಲ ತಪ್ಪಿದರೆ ಸಾಕು, ಆಮೇಲೆ ತಾನಾಗಿ ಬೆಳೆಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲೂ 14 ನಿಮಿಷ ಆದ ಮೇಲೆ ಬಂದ ಬಸ್ಸಿಗೆ ಎರಡು ಗೀಟು, ಮೂರು ನಿಮಿಷ ಬಿಟ್ಟು ಬಂದದ್ದಕ್ಕೆ ಸೊನ್ನೆ.

ಎರಡು ಮೂರು ದಿನ ಎಣಿಸಿ. ಮಳೆ ಬಂದ ದಿನವೂ ಒಂದಿರಲಿ. ಗಣಪತಿ ಹಬ್ಬದ ಹತ್ತು ದಿನ, ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೊರಟ ಪಾಲ್ಖಿ ಬರುವ ದಿನ ಬೇಡ. ಆಗ ಪುಣೆಯಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ಬಸ್ ಒಳಗೆ ಕೂತು ಸೆಕೆಂಡು ಬರೆಯಿರಿ

ಇನ್ನೊಂದು ದಿನ ಈ ತುದಿಯಿಂದ ಆ ತುದಿಗೆ ಕೂತು ಹೋಗಿ. ಮೂರು ಕಾಲಮ್ ಮಾಡಿ. ಓಡಿದ ಹೊತ್ತು, ಸ್ಟಾಪಿನಲ್ಲಿ ನಿಂತ ಹೊತ್ತು, ಸಿಗ್ನಲ್ಲಿನಲ್ಲಿ ನಿಂತ ಹೊತ್ತು. ಸ್ಟಾಪಿನಲ್ಲಿ ನಿಂತಾಗ ಯಾಕೆ ನಿಂತಿತು ಎಂದೂ ಒಂದು ಶಬ್ದದಲ್ಲಿ ಬರೆಯಿರಿ: ಇಳಿಯುವವರು, ಹತ್ತುವವರು, ಮುಂದೆ ಬಸ್, ಬಾಗಿಲು.

ಈ ಕಾಗದ ನೋಡಿದಾಗ ಬೇರೆಯದೇ ಚಿತ್ರ ಸಿಗುತ್ತದೆ. ಲೇನಿನಲ್ಲಿ ಬಸ್ ಓಡುವ ವೇಗದ ಬಗ್ಗೆ ಯಾರಿಗೂ ತಕರಾರು ಇರುವುದಿಲ್ಲ. ಹೊತ್ತು ಹೋಗುವುದು ನಿಂತಲ್ಲಿ. ಮುಂದಿನ ಬಾಗಿಲಲ್ಲಿ ಹದಿನೈದು ಜನ ಹತ್ತುತ್ತಿರುತ್ತಾರೆ, ಹಿಂದಿನ ಬಾಗಿಲಲ್ಲಿ ಯಾರೂ ಇಲ್ಲ. ಬಸ್ಸಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಒಂದು ಹೆಜ್ಜೆ ಅಂತರ ಉಳಿದರೆ ವಯಸ್ಸಾದವರು ಕೆಳಗೆ ನೋಡಿ, ಕಂಬಿ ಹಿಡಿದು, ಕಾಲು ಎತ್ತಿ ಇಡುತ್ತಾರೆ. ಅಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ.

ಈಗ ಸೇವೆಗಳನ್ನು ಹೋಲಿಸಿ

ಹೋಲಿಸಲು ಒಂದು ನಿಯಮ ಇಟ್ಟುಕೊಳ್ಳಿ: ಕಾಯುವ ಒಂದು ನಿಮಿಷ ಬಸ್ಸಿನಲ್ಲಿ ಕೂತ ಎರಡು ನಿಮಿಷಕ್ಕೆ ಸಮ. ಸಾರಿಗೆ ಯೋಜನೆ ಮಾಡುವವರು ಸಾಮಾನ್ಯವಾಗಿ ಹಿಡಿಯುವ ತೂಕ ಇದೇ. ಬಿಸಿಲಲ್ಲಿ ನಿಂತು ನೋಡಿದವರಿಗೆ ಇದು ಕಡಿಮೆಯೇ ಅನಿಸುತ್ತದೆ.

ಲೆಕ್ಕ ಸುಲಭ ಆಗಲಿ ಎಂದು ಒಂದು ಮಾರ್ಗ ಕಲ್ಪಿಸಿಕೊಳ್ಳೋಣ. ಇದು ಯಾವ ನಿಜವಾದ ಮಾರ್ಗವೂ ಅಲ್ಲ. ಉದ್ದ 15 ಕಿಲೋಮೀಟರ್, 24 ಸ್ಟಾಪ್. ಎಲ್ಲ ಸ್ಟಾಪಿನಲ್ಲೂ ನಿಂತರೆ ಒಂದು ಕಡೆಗೆ 50 ನಿಮಿಷ. ತುದಿಗಳಲ್ಲಿ ಹತ್ತತ್ತು ನಿಮಿಷ ಬಿಡುವು. ಹೋಗಿ ಬರಲು ಒಟ್ಟು 120 ನಿಮಿಷ. ಐದು ನಿಮಿಷಕ್ಕೊಂದು ಬಸ್ ಬೇಕಾದರೆ 120ನ್ನು 5ರಿಂದ ಭಾಗಿಸಿ: 24 ಬಸ್. ಈ 24 ಬಸ್ ಬಿಟ್ಟು ಇನ್ನೊಂದು ಸಿಗುವುದಿಲ್ಲ ಎಂದುಕೊಳ್ಳಿ. ಡೆಪೋದಲ್ಲಿ ಕೇಳಿದರೂ ಮೊದಲು ಬರುವ ಉತ್ತರ ಅದೇ ತಾನೇ.

ಈಗಿರುವಂತೆ ಓಡಿದರೆ, ತುದಿಯಿಂದ ತುದಿಗೆ ಹೋಗುವವರಿಗೆ 50 ನಿಮಿಷ ಕೂತದ್ದು, ಎರಡೂವರೆ ನಿಮಿಷ ಕಾದದ್ದು. ಕಾದದ್ದಕ್ಕೆ ಎರಡು ಪಟ್ಟು, ಅಂದರೆ 55. ಚಿಕ್ಕ ಸ್ಟಾಪಿನಲ್ಲಿ ಹತ್ತಿ 15 ನಿಮಿಷ ಹೋಗುವವರಿಗೆ 20. ಈ ಎರಡು ಅಂಕಿ ನೆನಪಿಡಿ.

ಎಕ್ಸ್‌ಪ್ರೆಸ್ ಹಾಕೋಣ. 14 ಸ್ಟಾಪ್ ಬಿಟ್ಟು 10ರಲ್ಲಿ ಮಾತ್ರ ನಿಲ್ಲುತ್ತದೆ. ಬಿಟ್ಟ ಒಂದು ಸ್ಟಾಪಿಗೆ ನಿಧಾನ ಆಗಿ, ನಿಂತು, ಮತ್ತೆ ವೇಗ ಹಿಡಿಯುವ ಹೊತ್ತು 35 ಸೆಕೆಂಡು ಉಳಿಯುತ್ತದೆ ಎಂದು ಹಿಡಿಯಿರಿ. ಒಟ್ಟು ಎಂಟು ನಿಮಿಷ ಉಳಿಯಿತು. 42 ನಿಮಿಷದಲ್ಲಿ ಮುಟ್ಟುತ್ತದೆ, ಹೋಗಿ ಬರಲು 104. ಬಸ್ಸು ಹಂಚಬೇಕಲ್ವಾ? 13 ಸಾದಾ, 11 ಎಕ್ಸ್‌ಪ್ರೆಸ್. ಸಾದಾ ಬಸ್ ಈಗ 9.2 ನಿಮಿಷಕ್ಕೊಂದು, ಎಕ್ಸ್‌ಪ್ರೆಸ್ ಸುಮಾರು ಒಂಬತ್ತೂವರೆಗೊಂದು.

ತುದಿಯಿಂದ ತುದಿಗೆ ಹೋಗುವವರಿಗೆ 42 ಮತ್ತು ಕಾಯುವುದಕ್ಕೆ (ಅಂತರದ ಅರ್ಧ, ಅದಕ್ಕೆ ಎರಡು ಪಟ್ಟು ತೂಕ) ಒಂಬತ್ತೂವರೆ, ಒಟ್ಟು 51.5. ಮೂರೂವರೆ ನಿಮಿಷ ಲಾಭ. ಚಿಕ್ಕ ಸ್ಟಾಪಿನವರಿಗೆ 15 ಮತ್ತು 9.2, ಒಟ್ಟು 24.2. ನಾಲ್ಕು ನಿಮಿಷಕ್ಕಿಂತ ಜಾಸ್ತಿ ನಷ್ಟ. ದೊಡ್ಡ ಸ್ಟಾಪಿನಿಂದ ದೊಡ್ಡ ಸ್ಟಾಪಿಗೆ ಹೋಗುವವರು ಯಾವುದು ಬಂದರೂ ಹತ್ತುತ್ತಾರೆ, ಅವರದು ಹೆಚ್ಚು ಬದಲಾಗುವುದಿಲ್ಲ. ಎಂಟು ನಿಮಿಷ ಉಳಿಯುತ್ತದೆ ಎಂದು ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದ್ದು ಕೈಗೆ ಬರುವಾಗ ಮೂರೂವರೆ ಆಯಿತು.

ಇದೂ ದಾಟುವ ಲೇನ್ ಇದ್ದರೆ ಮಾತ್ರ. ಅಡಿಗೆರೆ ಹಾಕಿದ ಆ ಸಾಲು ಈಗ ನೋಡಿ. ಸಾದಾ ಬಸ್ ಹೊರಟು ನಾಲ್ಕೂವರೆ ನಿಮಿಷ ಆದ ಮೇಲೆ ಎಕ್ಸ್‌ಪ್ರೆಸ್ ಹೊರಡುತ್ತದೆ. ಅರ್ಧ ದಾರಿ ದಾಟುವಷ್ಟರಲ್ಲಿ ಮುಂದಿನದನ್ನು ಮುಟ್ಟುತ್ತದೆ. ಆಮೇಲೆ? ಅದರ ಹಿಂದೆಯೇ, ಪ್ರತಿ ಸ್ಟಾಪಿನಲ್ಲೂ, ಬಾಗಿಲು ಮುಚ್ಚಿಕೊಂಡು ನಿಲ್ಲಬೇಕು. ಎಂಟು ನಿಮಿಷ ಉಳಿಯಬೇಕಾದಲ್ಲಿ ನಾಲ್ಕೂವರೆ ಉಳಿಯುತ್ತದೆ. ಪ್ರಯಾಣ ಸುಮಾರು 45.5, ಕಾಯುವುದಕ್ಕೆ 9.5. ಒಟ್ಟು ಮತ್ತೆ ಅದೇ 55! ಚಿಕ್ಕ ಸ್ಟಾಪಿನವರ ನಾಲ್ಕು ನಿಮಿಷ ಕಿತ್ತುಕೊಂಡು ಯಾರಿಗೂ ಏನೂ ಕೊಟ್ಟ ಹಾಗಾಗಲಿಲ್ಲ. ಹುಬ್ಬಳ್ಳಿಯಲ್ಲಿ ಎಕ್ಸ್‌ಪ್ರೆಸ್ ಚೆನ್ನಾಗಿದೆ, ಇಲ್ಲಿ ಯಾಕೆ ಕೊಡಲ್ಲ ಎಂದು ನಾನೇ ಮೀಟಿಂಗಿನಲ್ಲಿ ಜೋರಾಗಿ ಕೇಳಿದ್ದೆ. ಈ ಲೆಕ್ಕ ಹಾಕಿದ ರಾತ್ರಿ ಸ್ವಲ್ಪ ನಾಚಿಕೆ ಆಯಿತು.

ಈಗ ಮೂಲೆಯಲ್ಲಿ ಕೂತಿದ್ದವರ ಮಾತಿಗೆ ಬನ್ನಿ. ಎಕ್ಸ್‌ಪ್ರೆಸ್ ಇಲ್ಲ, ಹೊಸ ಬಸ್ ಇಲ್ಲ. ಪ್ರತಿ ಸ್ಟಾಪಿನಲ್ಲಿ ಬರೇ 10 ಸೆಕೆಂಡು ಉಳಿಸೋಣ. ಎರಡೂ ಬಾಗಿಲು ತೆರೆಯುವುದು, ಬಸ್ ಪ್ಲಾಟ್‌ಫಾರ್ಮಿಗೆ ತಾಗಿ ನಿಲ್ಲುವುದು, ಮುಂದೆ ಯಾವ ಕಡೆ ಬಾಗಿಲು ಎಂದು ಮೊದಲೇ ಹೇಳುವುದು, ಬಾಗಿಲು ಬರುವ ಜಾಗಕ್ಕೆ ಪ್ಲಾಟ್‌ಫಾರ್ಮಿನಲ್ಲಿ ಬಣ್ಣ ಬಳಿಯುವುದು. ಇಷ್ಟರಿಂದ 10 ಸೆಕೆಂಡು ಉಳಿಯುತ್ತದೆ. 24 ಸ್ಟಾಪಿಗೆ ನಾಲ್ಕು ನಿಮಿಷ. ಒಂದು ಕಡೆಗೆ 46, ಹೋಗಿ ಬರಲು 112. ಅದೇ 24 ಬಸ್ಸಿನಲ್ಲಿ ಈಗ 4.7 ನಿಮಿಷಕ್ಕೊಂದು ಬರುತ್ತದೆ.

ತುದಿಯಿಂದ ತುದಿಗೆ 46 ಮತ್ತು 4.7, ಒಟ್ಟು 50.7. ದಾಟುವ ಲೇನ್ ಇದ್ದ ಎಕ್ಸ್‌ಪ್ರೆಸ್‌ಗಿಂತಲೂ ಕಡಿಮೆ! ಚಿಕ್ಕ ಸ್ಟಾಪಿನವರಿಗೆ ಏಳು ಸ್ಟಾಪಿನ 70 ಸೆಕೆಂಡು ಉಳಿದು ಸುಮಾರು ಹದಿನೆಂಟೂವರೆ. ಅವರಿಗೂ ಲಾಭ. ನಾನು ಇದನ್ನು ಮೂರು ಸಲ ಲೆಕ್ಕ ಹಾಕಿದೆ, ಎಲ್ಲೋ ತಪ್ಪಿರಬೇಕು ಎಂದು. ತಪ್ಪಿರಲಿಲ್ಲ.

ಇನ್ನು ಅಂತರ ಸರಿ ಮಾಡಿದರೆ? ನನ್ನ ನೋಟ್‌ಬುಕ್ಕಿನ 4.8 ನಿಮಿಷ ಎರಡೂವರೆಗೆ ಇಳಿದರೆ, ಎರಡು ಪಟ್ಟು ತೂಕದಲ್ಲಿ ನಾಲ್ಕೂವರೆ ನಿಮಿಷದಷ್ಟು ಲಾಭ. ಬಸ್ಸಿಗೆ ಹತ್ತುವ ಪ್ರತಿಯೊಬ್ಬರಿಗೂ. ಇದಕ್ಕೆ ಬೇಕಾಗಿರುವುದು ತುದಿಯಲ್ಲಿ ಹೊತ್ತು ನೋಡಿ ಬಿಡುವವರು, ನಡುದಾರಿಯಲ್ಲಿ ಒಂದೆರಡು ಕಡೆ ಬೇಗ ಬಂದ ಬಸ್ಸನ್ನು ಒಂದು ನಿಮಿಷ ಹಿಡಿದು ನಿಲ್ಲಿಸುವವರು. ಆಗ ಒಳಗೆ ಕೂತವರು ಗೊಣಗುತ್ತಾರೆ. ಗೊಣಗಲಿ.

ನೇರ ಬಸ್ಸೋ, ಫೀಡರೋ

ನಿಮ್ಮ ಮನೆ ಮುಖ್ಯ ರಸ್ತೆಯಿಂದ ಒಳಗಿದ್ದರೆ ಈ ಪ್ರಶ್ನೆ ಬರುತ್ತದೆ. ಮನೆ ಹತ್ತಿರದಿಂದ ಅರ್ಧ ತಾಸಿಗೊಂದು ನೇರ ಬಸ್ ಇದೆ ಎಂದುಕೊಳ್ಳಿ. ಹೊತ್ತು ಗೊತ್ತಿಲ್ಲದೆ ಹೋದರೆ ಸರಾಸರಿ 15 ನಿಮಿಷ ಕಾಯಬೇಕು, ತೂಕ ಹಾಕಿದರೆ 30. ಅದರ ಬದಲು ಹತ್ತು ನಿಮಿಷಕ್ಕೊಂದು ಫೀಡರ್, ಮುಖ್ಯ ರಸ್ತೆಯಲ್ಲಿ ಐದು ನಿಮಿಷಕ್ಕೊಂದು ಬಸ್, ನಡುವೆ ಮೂರು ನಿಮಿಷ ನಡಿಗೆ. ಐದು, ಎರಡೂವರೆ, ಮೂರು ಕೂಡಿದರೆ ಹತ್ತೂವರೆ. ನಡಿಗೆಗೂ ಎರಡು ಪಟ್ಟು ತೂಕ ಹಾಕಿ, 21. ಬಸ್ ಬದಲಿಸುವ ಕಿರಿಕಿರಿಗೆ ಇನ್ನೂ ಐದರಿಂದ ಹತ್ತು ಸೇರಿಸಿ. 26ರಿಂದ 31. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ.

ಆದರೆ ಆ ನೇರ ಬಸ್ ದಿನಾ 8:20ಕ್ಕೆ ತಪ್ಪದೆ ಬಂದರೆ? ನೀವು 8:15ಕ್ಕೆ ಮನೆ ಬಿಡುತ್ತೀರಿ. ಕಾಯುವುದು ಐದು ನಿಮಿಷ, ತೂಕ ಹತ್ತು. ನೇರ ಬಸ್ಸೇ ಗೆದ್ದಿತು. ಹಾಗಾಗಿ ನೇರ ಬಸ್ ಕೇಳುವ ಮೊದಲು ಈಗಿರುವ ನೇರ ಬಸ್ ಐದು ದಿನ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡಿ. ಹೊತ್ತಿಗೆ ಬಾರದ ನೇರ ಬಸ್ಸಿಗಿಂತ ಫೀಡರ್ ವಾಸಿ. ರಸ್ತೆ ದಾಟುವುದನ್ನೂ ಮರೆಯಬೇಡಿ. ಸ್ಟೇಶನ್ ರಸ್ತೆಯ ನಡುವೆ ಇದ್ದರೆ ಆ ಮೂರು ನಿಮಿಷದ ನಡಿಗೆಯಲ್ಲಿ ಅರ್ಧ ಸಿಗ್ನಲ್ಲಿಗೆ ಕಾಯುವುದೇ. ಮೊಮ್ಮಗುವಿನ ಕೈ ಹಿಡಿದು ಒಂದು ಸಲ ದಾಟಿ ನೋಡಿ, ಆಮೇಲೆ ಅಂಕಿ ಬರೆಯಿರಿ.

ರಾತ್ರಿಯ ಲೆಕ್ಕ ಬೇರೆ ಮಾಡಿ. ಬೆಳಿಗ್ಗೆ ಹತ್ತು ನಿಮಿಷಕ್ಕೊಂದು ಬರುವ ಫೀಡರ್ ರಾತ್ರಿ ಒಂಬತ್ತರ ಮೇಲೆ ನಲವತ್ತು ನಿಮಿಷಕ್ಕೊಂದು ಆದರೆ, ಅದು ಹೋಗುವಾಗ ಮಾತ್ರದ ಸೇವೆ.

ತುಂಬುವ ಬಸ್ಸು, ಸಾಲು ನಿಲ್ಲುವ ಬಸ್ಸು

12 ಮೀಟರ್ ಬಸ್ಸಿನಲ್ಲಿ ನಿಂತವರೂ ಸೇರಿ 60 ಜನ ಎಂದು ಹಿಡಿದರೆ, ತಾಸಿಗೆ 12 ಬಸ್ಸಿನಲ್ಲಿ 720 ಜನ. ನಿಮ್ಮ ಗೀಟುಗಳಲ್ಲಿ ಎರಡು ಗೀಟೇ ತುಂಬಿದ್ದರೆ ಬಸ್ಸು ನಿಜವಾಗಿ ಸಾಲದು. ಎರಡು ಗೀಟು, ಸೊನ್ನೆ, ಎರಡು ಗೀಟು, ಸೊನ್ನೆ ಎಂದಿದ್ದರೆ ಬಸ್ಸು ಸಾಕು, ಅಂತರ ಸರಿ ಇಲ್ಲ. ಈ ವ್ಯತ್ಯಾಸ ಪತ್ರದಲ್ಲಿ ಬರೆಯಲೇಬೇಕು.

ತೆರೆದ ವ್ಯವಸ್ಥೆಯಲ್ಲಿ ಇನ್ನೊಂದು ಅಪಾಯ ಇದೆ. ಎಲ್ಲ ಬಡಾವಣೆಯವರೂ ನೇರ ಬಸ್ ಕೇಳಿ ಪಡೆದರೆ ಎಲ್ಲವೂ ಬಂದು ಒಂದೇ ಲೇನಿಗೆ ಬೀಳುತ್ತವೆ. ಸ್ಟೇಶನ್‌ನಲ್ಲಿ ಒಂದು ಬಸ್ 40 ಸೆಕೆಂಡು ಜಾಗ ಹಿಡಿದರೆ, ತಾಸಿಗೆ 36 ಬಸ್ಸಿಗೆ ಆ ಜಾಗ ನೂರರಲ್ಲಿ ನಲವತ್ತು ಪಾಲು ಹೊತ್ತು ತುಂಬಿರುತ್ತದೆ. ಬಿಆರ್‌ಟಿ ಯೋಜನೆ ಮಾಡುವವರು ಅಷ್ಟರೊಳಗೆ ಇರಲಿ ಎನ್ನುತ್ತಾರೆ. ಅದು ದಾಟಿದರೆ ಬಸ್ಸಿನ ಹಿಂದೆ ಬಸ್ಸು ಸಾಲು ನಿಲ್ಲಲು ಶುರು. ಒಂದು ತಾಸು ನಿಂತಾಗ ಎಲ್ಲ ಮಾರ್ಗದ ಬಸ್ಸನ್ನೂ ಎಣಿಸಿ. 36ರ ಹತ್ತಿರ ಇದ್ದರೆ ಇನ್ನೊಂದು ಮಾರ್ಗ ಕೇಳುವ ಮೊದಲು ಎರಡನೇ ನಿಲುಗಡೆ ಜಾಗ ಕೇಳಿ.

ಖರ್ಚಿನ ಬಗ್ಗೆ ಒಂದೇ ಮಾತು. ಗುತ್ತಿಗೆ ಬಸ್ಸಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹಣ ಹೋಗುವ ಕಡೆ, ಬಸ್ ತುಂಬಿ ಓಡಿದರೂ ಖಾಲಿ ಓಡಿದರೂ ಅಷ್ಟೇ. ಹಾಗಾಗಿ ಕಿಲೋಮೀಟರ್ ಹೆಚ್ಚಿಸದ ಬೇಡಿಕೆಗೆ ಬೇಗ ಹೂಂ ಅನ್ನುವ ಸಾಧ್ಯತೆ ಜಾಸ್ತಿ.

ಮೆಟ್ರೋ ಪಕ್ಕದಲ್ಲೇ ಇದ್ದರೆ

ನಮ್ಮ ರಸ್ತೆಯ ಮೇಲೆಯೇ ಮೆಟ್ರೋ ಇದೆ. 2022ರ ಮಾರ್ಚ್ 6ರಂದು ಪಿಸಿಎಂಸಿ (ಪಿಂಪ್ರಿ ಚಿಂಚವಡ ಪಾಲಿಕೆ) ಸ್ಟೇಶನ್ನಿನಿಂದ ಫುಗೇವಾಡಿ ತನಕ ಶುರುವಾಯಿತು. 2024ರ ಸೆಪ್ಟೆಂಬರ್ ಕೊನೆಗೆ ಸ್ವಾರ್ಗೇಟ್ ಮುಟ್ಟಿತು. ನಿಗಡಿ ತನಕ ಎಳೆಯುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ಹಾಗಾಗಿ ತುದಿಯಿಂದ ತುದಿಗೆ ಹೋಗುವವರಿಗೆ ಮೆಟ್ರೋ ಕೂಡ ಒಂದು ಸೇವೆ ಎಂದು ಅದೇ ಕಾಗದದಲ್ಲಿ ಬರೆಯಿರಿ: ಸ್ಟೇಶನ್ ತನಕ ನಡಿಗೆ, ಮೆಟ್ಟಿಲು, ಬ್ಯಾಗ್ ತಪಾಸಣೆ, ಕಾಯುವುದು, ಇಳಿದ ಮೇಲಿನ ನಡಿಗೆ, ಎಲ್ಲ ಸೇರಿಸಿ. ಖಡಕಿಯ ಟ್ರಾಫಿಕ್ ಅದಕ್ಕಿಲ್ಲ. ಎಕ್ಸ್‌ಪ್ರೆಸ್ ಬೇಕು ಎಂದಿದ್ದ ನಮ್ಮ ಹುಡುಗರಲ್ಲಿ ಇಬ್ಬರು ಈ ಲೆಕ್ಕ ಹಾಕಿ ಸುಮ್ಮನೆ ಮೆಟ್ರೋ ಹಿಡಿದರು. ಹಾಗಾದರೆ ಕೆಳಗಿನ ಬಸ್ಸಿನ ಕೆಲಸ ಏನು? ಮೆಟ್ರೋ ನಿಲ್ಲದ ಚಿಕ್ಕ ಸ್ಟಾಪುಗಳು. ಅಲ್ಲಿಂದ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಬಸ್ ತೆಗೆಯುವುದು ಇನ್ನೂ ತಪ್ಪು ಎಂದು ನನ್ನ ಅಭಿಪ್ರಾಯ.

ಪತ್ರ

ಒಂದೇ ಪುಟ ಇರಲಿ. ಮರಾಠಿಯಲ್ಲಿ ಬರೆಯಿರಿ. ಬರದಿದ್ದರೆ ಪಕ್ಕದ ಮನೆಯವರಿಂದ ಬರೆಸಿ, ಅವರೂ ಸಹಿ ಹಾಕುತ್ತಾರೆ. ಬಸ್ಸುಗಳ ನಡುವಿನ ಅಂತರಕ್ಕೆ 'ಹೆಡ್‌ವೇ' ಎಂದೆಲ್ಲ ಬರೆಯಬೇಡಿ. ಡೆಪೋದಲ್ಲಿ 'ಫ್ರೀಕ್ವೆನ್ಸಿ' ಎಂದರೆ ಎಲ್ಲರಿಗೂ ಗೊತ್ತು. ಮೇಲೆ ನೀವು ಎಣಿಸಿದ ಅಂತರದ ಅಂಕಿ, ದಿನ, ಹೊತ್ತು, ಸ್ಟಾಪು ಹಾಕಿ. ಕೆಳಗೆ ಮೂರು ಪ್ರಯಾಣಿಕರ ನಿಮಿಷ. ಆಮೇಲೆ ಬೇಡಿಕೆ, ಎರಡಕ್ಕಿಂತ ಜಾಸ್ತಿ ಬೇಡ.

ನಮ್ಮದರಲ್ಲಿ ಎರಡೇ ಇದ್ದವು. ಗದ್ದಲದ ಹೊತ್ತಿನಲ್ಲಿ ತುದಿಯಿಂದ ಅಂತರ ನೋಡಿ ಬಸ್ ಬಿಡಿ. ಪ್ಲಾಟ್‌ಫಾರ್ಮಿನಲ್ಲಿ ಬಾಗಿಲು ಬರುವ ಜಾಗಕ್ಕೆ ಬಣ್ಣ ಬಳಿಯಿರಿ. ಎಕ್ಸ್‌ಪ್ರೆಸ್ ಕೇಳಲಿಲ್ಲ. ಸಹಿಗೆ ಹೋದಾಗ ಮೀಟಿಂಗಿನಿಂದ ಎದ್ದು ಹೋಗಿದ್ದವರ ಮನೆಗೆ ಮೊದಲು ಹೋದೆ. ಅವರು ಅಂಕಿಗಳನ್ನು ನೋಡಲೇ ಇಲ್ಲ. ಪೆನ್ ತೆಗೆದುಕೊಂಡು, "ರಾತ್ರಿ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಿದೀರಾ?" ಎಂದರು. ಕೇಳಿರಲಿಲ್ಲ. ಸಹಿಯ ಮೇಲೆ ಕೈಯಲ್ಲೇ ಮೂರನೇ ಸಾಲು ಸೇರಿಸಿದೆವು.